ಬೀಸುಕಲ್ಲಿನ ಮೇಲೆ ಕಾವು ಕೂತ ಕೋಳಿ

ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಲು ಸೇರಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾವೇರಿಯ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಪ್ಯಾಸೆಂಜರ್ ರೈಲಿಗೆ ಮರಳುವುದು. ರೈಲು ಬ್ಯಾಡಗಿ ನಿಲ್ದಾಣದಲ್ಲಿ ನಿಂತಾಗ ಮೆಣಸಿನಕಾಯಿ ಚೀಲದ ಘಾಟಿಗೆ ಇಡೀ ಡಬ್ಬಿ ಸೀನುತ್ತಿತ್ತು. ಆ ಸೀನು ಮುಗಿಯುವಷ್ಟರಲ್ಲಿ ಅರ್ಧ ದಾರಿ ಸಾಗಿರುತ್ತಿತ್ತು.

ನಮ್ಮ ಪ್ರಾಂಶುಪಾಲರು ರಾಜ್ಯಶಾಸ್ತ್ರದವರು. ಐವತ್ತು ದಾಟಿದ, ಕೋಟಿನ ಎಲ್ಲ ಗುಂಡಿಗಳನ್ನೂ ಹಾಕಿಕೊಳ್ಳುವ ಮನುಷ್ಯ. ಯಾವ ವಸ್ತು ಎಲ್ಲಿರಬೇಕು ಎಂಬ ವಿಷಯದಲ್ಲಿ ಅವರಿಗಿದ್ದಷ್ಟು ಕಾಳಜಿಯನ್ನು ನಾನು ಇನ್ನಾರಲ್ಲೂ ಕಂಡಿಲ್ಲ. ಸೀಮೆಸುಣ್ಣದ ಡಬ್ಬಿಯ ಮೇಲೆ ‘ಸೀಮೆಸುಣ್ಣದ ಡಬ್ಬಿ’ ಎಂದೂ, ಅದನ್ನು ಇಡುವ ಗೂಡಿನ ಮೇಲೆ ‘ಸೀಮೆಸುಣ್ಣದ ಡಬ್ಬಿಯ ಜಾಗ’ ಎಂದೂ ಬರೆಸಿದ್ದರು. ಡಬ್ಬಿಯನ್ನು ಎತ್ತಿಕೊಂಡು ಹೋದಾಗ ಆ ಗೂಡಿನಲ್ಲಿ ಇಡಲು ‘ಡಬ್ಬಿ ತರಗತಿಗೆ ಹೋಗಿದೆ’ ಎಂಬ ಹಲಗೆಯೂ ಇತ್ತು. ವಾರಕ್ಕೆ ನಾಲ್ಕು ಸುತ್ತೋಲೆ ಬರುತ್ತಿದ್ದವು. ಪ್ರಾರ್ಥನೆಗೆ ಯಾರು ಎಲ್ಲಿ ನಿಲ್ಲಬೇಕೆಂದು ಅಂಗಳದಲ್ಲಿ ಸುಣ್ಣದ ಗೆರೆ ಎಳೆಸಿದ್ದರು. ಮಳೆಗೆ ಗೆರೆ ಅಳಿಸಿದ ದಿನ ಪ್ರಾರ್ಥನೆಯೇ ರದ್ದು.

ಪ್ರಾಯೋಗಿಕ ತರಗತಿಯಲ್ಲಿ ನಾನು ಕಲಿಸಬೇಕಾಗಿದ್ದುದು ತತ್ತಿಯೊಳಗೆ ಕೋಳಿಮರಿ ರೂಪುಗೊಳ್ಳುವ ಬಗೆಯನ್ನು. ಅದಕ್ಕೆಂದು ಒಂದು ಪೆಟ್ಟಿಗೆಯ ತುಂಬ ಗಾಜಿನ ಸ್ಲೈಡುಗಳಿದ್ದವು. ಒಂದು ದಿನದ ಭ್ರೂಣ, ಎರಡು ದಿನದ್ದು, ಮೂರು ದಿನದ್ದು. ಆದರೆ ಅವುಗಳ ಚೀಟಿಗಳನ್ನು ಜಿರಲೆಗಳು ಎಂದೋ ತಿಂದು ಹಾಕಿದ್ದವು. ನನಗಿಂತ ಮೊದಲಿದ್ದವರು ಹೊಸ ಚೀಟಿಗಳನ್ನು ಅಂದಾಜಿನ ಮೇಲೆ ಅಂಟಿಸಿದ್ದರು. ಅದರ ಫಲವಾಗಿ ಕೋಳಿಮರಿ ಮೊದಲ ದಿನ ದೊಡ್ಡದಾಗಿ ಹುಟ್ಟಿಕೊಂಡು, ಮೂರು ದಿನ ಸಣ್ಣಗಾಗುತ್ತ ಹೋಗಿ, ಕೊನೆಗೆ ಬರೀ ಒಂದು ಗೆರೆಯಾಗಿ ಉಳಿಯುತ್ತದೆ ಎಂದು ಹಲವು ವರ್ಷಗಳಿಂದ ಹುಡುಗರು ಚಿತ್ರ ಬರೆದು ಪಾಸಾಗುತ್ತಿದ್ದರು. ಯಾರೂ ಪ್ರಶ್ನೆ ಕೇಳಿರಲಿಲ್ಲ.

ನಾನು ನಿಜವಾದ ತತ್ತಿಯನ್ನೇ ತೋರಿಸಲು ನಿರ್ಧರಿಸಿದೆ. ಪೇಟೆಯಿಂದ ಒಂದು ಡಜನ್ ಫಾರಂ ತತ್ತಿ ತರಿಸಿ, ಮರದ ಪೆಟ್ಟಿಗೆಯೊಳಗೆ ಬಲ್ಬು ಹಚ್ಚಿ, ಬಟ್ಟಲಿನಲ್ಲಿ ನೀರಿಟ್ಟು ಕಾದೆ. ಐದು ದಿನವಾದರೂ ಒಡೆದ ತತ್ತಿಯಲ್ಲೆಲ್ಲ ಬರೀ ಹಳದಿ ಬಂಡಾರ, ಭ್ರೂಣದ ಸುಳಿವಿಲ್ಲ. ನನ್ನ ಪೆಟ್ಟಿಗೆಯದೇ ದೋಷವೆಂದು ಬಲ್ಬು ಬದಲಿಸುತ್ತಿದ್ದಾಗ ಲ್ಯಾಬಿನ ಅಟೆಂಡರ್ ಬಾಗಿಲಲ್ಲಿ ನಿಂತು ಕೆಮ್ಮಿದರು. ಹಲಗೇರಿಯಿಂದ ಸೈಕಲ್ ತುಳಿದು ಬರುತ್ತಿದ್ದ, ನನ್ನ ತಂದೆಯ ವಯಸ್ಸಿನ ಮುಸಲ್ಮಾನರು. ಇಡೀ ಕಾಲೇಜು ಅವರನ್ನು ಚಾಚಾ ಎಂದೇ ಕರೆಯುತ್ತಿತ್ತು. ಮೇಡಂ ಎನ್ನುವ ಬದಲು ಅವರು ನನ್ನನ್ನು ಬಾಯಾರು ಎನ್ನುತ್ತಿದ್ದರು.

“ಬಾಯಾರ, ಒಂದು ಮಾತು. ಹೇಳಬೇಕೋ ಬ್ಯಾಡೋ ಗೊತ್ತಾಗವಲ್ದು.”

“ಹೇಳ್ರಿ ಚಾಚಾ.”

ಅವರು ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದರು: “ಆ ತತ್ತಿಗೆ ಅಪ್ಪ ಇಲ್ರಿ.”

ಎಂ.ಎಸ್ಸಿ. ಓದಿದ ನನಗೆ ಇದು ತಿಳಿಯದ ಸಂಗತಿಯಲ್ಲ. ಫಾರಂ ಕೋಳಿಗಳು ಹುಂಜದ ಮುಖ ಕಾಣದೆಯೇ ತತ್ತಿ ಇಡುತ್ತವೆ. ಆದರೆ ಆ ಐದು ದಿನ ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಮರುದಿನ ಚಾಚಾ, ಹುಂಜದ ಜೊತೆ ಬೆಳೆದ ಜವಾರಿ ಕೋಳಿಯ ತತ್ತಿಗಳೊಂದಿಗೆ ಬಂದರು. ಜೊತೆಯಲ್ಲಿ ಅವರ ಹೆಂಡತಿ, ಅವರ ಕಂಕುಳಲ್ಲಿ ಕೆಂಪು ಕೋಳಿ.

“ಬರೀ ತತ್ತಿ ಕೊಡೂದಿಲ್ಲ,” ಎಂದರು ಚಾಚಿ. “ದೀಪದ ಕಾವಿಗೆ ಮರಿ ಆಗ್ತಾವೇನು? ಕರೆಂಟ್ ಹೋದ್ರ ಅವುಗಳ ಗತಿ ಏನು? ಇಕಿ ಕಾವಿಗೆ ಕುಂತಾಳ. ಎಬ್ಬಿಸಬ್ಯಾಡ್ರಿ, ಅಷ್ಟ.”

ಹೀಗೆ ಕೋಳಿ ನಮ್ಮ ವಿಭಾಗದ ಕಪಾಟಿನ ಕೆಳಖಾನೆಯಲ್ಲಿ, ಹಾವಿನ ಎಲುಬುಗಳ ಪಕ್ಕ ಕಾವು ಕೂತಿತು. ಮೇಲಿನವರ ಅನುಮತಿ ಬೇಕಲ್ಲ, ಅರ್ಜಿ ಬರೆದುಕೊಟ್ಟೆ. ಪ್ರಾಂಶುಪಾಲರು ಶುದ್ಧ ಸಸ್ಯಾಹಾರಿ, ತತ್ತಿ ಎಂಬ ಶಬ್ದವನ್ನೂ ಬಾಯಲ್ಲಿ ತರುವವರಲ್ಲ. ‘ಆ ಬಿಳೀ ವಸ್ತು’ ಎನ್ನುತ್ತಿದ್ದರು. ಬಹಳ ಯೋಚಿಸಿ ಒಂದು ಸುತ್ತೋಲೆ ಹೊರಡಿಸಿದರು. ಅದನ್ನು ಸಿಪಾಯಿ ಎಲ್ಲ ತರಗತಿಗಳಲ್ಲೂ ಓದಿದ: “ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕರ್ತವ್ಯದ ಮೇಲೆ ಕುಳಿತಿರುವ ಸಿಬ್ಬಂದಿಗೆ ಯಾರೂ ತೊಂದರೆ ಕೊಡತಕ್ಕದ್ದಲ್ಲ.” ಆ ವಿಭಾಗದಲ್ಲಿದ್ದ ಸಿಬ್ಬಂದಿ ನಾನೊಬ್ಬಳೇ ಎಂದು ಎಲ್ಲರೂ ತಿಳಿದರು. ಒಂದು ವಾರ ಯಾವ ವಿದ್ಯಾರ್ಥಿಯೂ ನನ್ನನ್ನು ಏನೂ ಕೇಳಲಿಲ್ಲ.

ಮೊದಲ ತತ್ತಿಯನ್ನು ಒಡೆದಾಗ ಕಾವಿಗೆ ಒಂದೂವರೆ ದಿನ ಮೀರಿತ್ತು. ಬೆಚ್ಚಗಿನ ಉಪ್ಪುನೀರಿಗೆ ತತ್ತಿಯ ಬಂಡಾರವನ್ನು ಇಳಿಸಿ, ಅದರ ಮೇಲಿನ ತೆಳುಪೊರೆಯನ್ನು ಕತ್ತರಿಯಿಂದ ಗುಂಡಗೆ ಕತ್ತರಿಸಿ, ಗಾಜಿನ ತಟ್ಟೆಗೆ ತೇಲಿಸಿ ತಂದು ಮಸೂರದ ಕೆಳಗಿಟ್ಟೆ. ಅಕ್ಕಿ ಕಾಳಿಗಿಂತ ಚೂರು ಉದ್ದದ ಜೀವ. ಅದರ ನಡುವೆ ಒಂದು ಎಳೆ ಮಿಡಿಯುತ್ತಿತ್ತು. ಹುಡುಗರು ಸಾಲಾಗಿ ಬಂದು ನೋಡಿದರು. ಗದ್ದಲಕ್ಕೆ ಹೆಸರಾಗಿದ್ದ ತರಗತಿ ಅದು. ಆ ದಿನ ಕಪಾಟಿನೊಳಗಿನ ಕೋಳಿಯ ಉಸಿರು ಕೇಳುವಷ್ಟು ನಿಶ್ಶಬ್ದವಾಗಿತ್ತು.

ಅಷ್ಟು ನಿಶ್ಶಬ್ದ ಕೇಳಿ ಏನೋ ಅನಾಹುತವಾಗಿರಬೇಕೆಂದು ಪ್ರಾಂಶುಪಾಲರು ಓಡಿಬಂದರು. ನಾನು ಅವರನ್ನೂ ಕೂರಿಸಿ ತೋರಿಸಿದೆ. ಮೂಗಿಗೆ ಕರವಸ್ತ್ರ ಹಿಡಿದು ಬಗ್ಗಿದವರು ಕರವಸ್ತ್ರ ಜಾರಿ ಬಿದ್ದರೂ ಏಳಲಿಲ್ಲ.

“ಏನ್ರಿ ಮೇಡಂ ಇದು, ಕುಣ್ಯಾಕತ್ತೈತಿ?”

“ಹೃದಯ ರೀ ಸರ್. ನಿನ್ನೆ ಮುಂಜಾನೆ ಇದು ಎರಡು ತುಂಡಾಗಿ ಎರಡೂ ಮಗ್ಗಲಾಗ ಇತ್ತು. ಆ ಜೀವಕೋಶ ಎರಡೂ ಕಡಿಯಿಂದ ನಡಕೋತ ಬಂದು ನಟ್ಟನಡುವ ಕೂಡಿ ಒಂದು ಕೊಳವಿ ಆಗ್ಯಾವು.”

“ಯಾರು ಹೇಳಿದ್ರು?”

“ಪುಸ್ತಕದಾಗ ಐತ್ರಿ.”

“ಅಲ್ರಿ. ಆ ಕೋಶಕ್ಕ ಯಾರು ಹೇಳಿದ್ರು, ನಡುವ ಬಂದು ಕೂಡ್ರಿ ಅಂತ?”

ಯಾರೂ ಹೇಳುವುದಿಲ್ಲ, ಪ್ರತಿಯೊಂದು ಕೋಶವೂ ತನ್ನ ಪಕ್ಕದ್ದನ್ನು ಮುಟ್ಟಿ, ಅಂಟಿಕೊಂಡೋ ಬಿಟ್ಟೋ, ಕಾಲ ಕೆಳಗಿನ ನೆಲ ಎತ್ತ ಎಳೆಯುತ್ತದೋ ಅತ್ತ ಸರಿಯುತ್ತ ಹೋಗುತ್ತದೆ ಎಂದೆ. ಕೆಲವು ಕೋಶಗಳು ಬೆನ್ನಿನಿಂದ ಹೊರಟು ದೇಹವೆಲ್ಲ ಸುತ್ತಿ ಚರ್ಮದ ಬಣ್ಣವಾಗಿ ನೆಲೆಸುತ್ತವೆ, ಕೆಲವು ರಕ್ತದ ಜೊತೆ ಹರಿದು ಹೋಗಿ ತಮ್ಮ ಜಾಗ ಬಂದಾಗ ಇಳಿದುಕೊಳ್ಳುತ್ತವೆ ಎಂದೂ ಹೇಳಿದೆ.

“ಕಂಡಕ್ಟರ್ ಇಲ್ದನ?” ಎಂದರು ಬಾಗಿಲಲ್ಲಿದ್ದ ಚಾಚಾ.

“ಕಂಡಕ್ಟರ್ ಇಲ್ದನ.”

ಪ್ರಾಂಶುಪಾಲರ ಮುಖ ಕಪ್ಪಿಟ್ಟಿತು. ಅದು ಕೋಪವೆಂದು ನಾನು ತಿಳಿದೆ.

ಮರುದಿನದಿಂದ ಅವರು ದಿನವೂ ಬರತೊಡಗಿದರು. ಕಾಲೇಜು ಶುರುವಾಗುವ ಮೊದಲೇ ಬಂದು ಕೋಳಿಯ ಎದುರು ಸ್ಟೂಲು ಹಾಕಿಕೊಂಡು ಕೂರುವುದು, ನಾನು ಬಂದ ಕೂಡಲೇ ಪ್ರಶ್ನೆ ಹಾಕುವುದು. ಒಂದು ಬದಿಯ ಕೋಶ ಬರದೇ ಹೋದರೆ? ಎರಡು ಹೃದಯಗಳಾದಾವು ಎಂದೆ. ಎರಡೂ ಬಡಿದುಕೊಳ್ಳುತ್ತವೆಯೇ? ಬಡಿದುಕೊಳ್ಳುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಯಾವುದು? ಅದು ಯಾವ ಪುಸ್ತಕದಲ್ಲೂ ಇಲ್ಲ ಎಂದೆ. ಒಮ್ಮೆ ಕೊಳವೆ ಡೊಂಕಾದ ಭ್ರೂಣವನ್ನು ತೋರಿಸುತ್ತ ಸುಮ್ಮನೆ ಹೇಳಿದೆ: “ನೋಡ್ರಿ ಸರ್, ನೆಟ್ಟಗಿದ್ದ ಕೊಳವಿ ಮೊದಲು ಬಲಕ್ಕ ಹೊರಳತೈತಿ. ಆಮ್ಯಾಲೆ ಸುತ್ತಿ ಸುತ್ತಿ ಹೃದಯ ಎಡಮಗ್ಗಲಾಗ ನೆಲಿ ನಿಲ್ಲತೈತಿ.”

“ಎಲ್ಲಾರಿಗೂ?”

“ಹೆಚ್ಚೂ ಕಡಿಮಿ ಎಲ್ಲಾರಿಗೂ.”

“ಹೆಚ್ಚೂ ಕಡಿಮಿ ಅಂದ್ರ ಏನ್ರಿ ಮೇಡಂ? ವಿಜ್ಞಾನದಾಗ ಹಂಗ ಇರತೈತೇನು?”

“ಎಲ್ಲೋ ಸಾವಿರಗಟ್ಟಲೆ ಮಂದಿಯೊಳಗ ಒಬ್ಬರಿಗೆ ಉಲ್ಟಾ ಆಗತೈತ್ರಿ. ಕನ್ನಡಿಯೊಳಗ ಕಂಡಂಗ.”

ಅವರು ಎದ್ದು ಹೋಗಿ ಬಾಗಿಲಾಚೆ ಯಾರಿದ್ದಾರೆಂದು ನೋಡಿ ಬಂದರು. ಚಾಚಾ ಒಬ್ಬರೇ ಇದ್ದರು. ಚಾಚಾ ಇದ್ದರೆ ಇರಲಿ ಎಂಬಂತೆ ತಲೆಯಾಡಿಸಿ, ಸ್ಟೂಲಿನ ಮೇಲೆ ಕೂತು, ಕೋಳಿಗೂ ಕೇಳಿಸಬಾರದು ಎಂಬಷ್ಟು ಸಣ್ಣ ದನಿಯಲ್ಲಿ ಹೇಳಿದರು.

“ನಂದು ಬಲಕ್ಕೈತ್ರಿ.”

ಅವರು ಚಿಕ್ಕ ವಯಸ್ಸಿನಲ್ಲಿ ಬ್ಯಾಡಗಿಯ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದರಂತೆ. ಮೆಣಸಿನಕಾಯಿ ಪೇಟೆಯ ಹತ್ತಿರ ಬಾಡಿಗೆ ಕೋಣೆ. ಒಂದು ದಿನ ಹೊಟ್ಟೆಯ ಎಡಗಡೆ ಕೆಳಗೆ ನೋವು ಶುರುವಾಯಿತು. ಅಲ್ಲಿಯ ಡಾಕ್ಟರು ಮುಟ್ಟಿ ನೋಡಿ, ಅಪೆಂಡಿಕ್ಸ್ ಆದರೆ ಬಲಗಡೆ ನೋಯಬೇಕು, ಇದು ಗಾಳಿ, ಅಜವಾನ ತಿನ್ನಿ ಎಂದರು. ಮೂರು ದಿನ ಅಜವಾನ ತಿಂದರು. ನಾಲ್ಕನೆಯ ದಿನ ಎಚ್ಚರ ತಪ್ಪಿದವರನ್ನು ಹುಬ್ಬಳ್ಳಿಗೆ ಒಯ್ದಾಗ ಅಲ್ಲಿಯ ಡಾಕ್ಟರು ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು, ತೆಗೆದು, ತಮ್ಮ ಎದೆಯ ಮೇಲಿಟ್ಟು ಪರೀಕ್ಷಿಸಿ, ಮತ್ತೆ ಇವರ ಎದೆಗಿಟ್ಟರು. ಹೃದಯ ಬಲಕ್ಕೆ, ಪಿತ್ತಕೋಶವೂ ಅಪೆಂಡಿಕ್ಸೂ ಎಡಕ್ಕೆ, ಎಲ್ಲವೂ ಅದಲುಬದಲು.

“ಯಾವ ತ್ರಾಸೂ ಇಲ್ಲ ಅಂದ್ರು. ಖರೇನ ಏನೂ ತ್ರಾಸಿಲ್ಲ. ಆದ್ರ ಯಾರಿಗಂತ ಹೇಳ್ಲಿ? ಲಗ್ನದಾಗ ಹೇಳಲಿಲ್ಲ. ಮೂರು ವರ್ಷ ಆದಮ್ಯಾಲೆ ನಮ್ಮ ಮನಿಯಾಕಿ ಒಮ್ಮೆ ಎಡಗಡೆ ಕಿವಿ ಇಟ್ಟು, ‘ಅಯ್ಯ, ನಿಮಗ ಎದಿನೇ ಇಲ್ಲ’ ಅಂದಳು. ಆವತ್ತ ಹೇಳಿದೆ.”

ನನಗೆ ನಗು ಬಂತು. ಅವರ ಮುಖ ನೋಡಿ ತಡೆದುಕೊಂಡೆ. ಬಾಗಿಲಾಚೆ ಚಾಚಾ ಮಾತ್ರ ಜೋರಾಗಿ “ಯಾ ಅಲ್ಲಾ” ಎಂದರು.

“ಮನುಷ್ಯಾರಿಗೆ ಇದು ಎಷ್ಟು ದಿನಕ್ಕ ಹೊರಳತೈತಿ?” ಎಂದು ಅವರು ಕೇಳಿದರು.

“ತಾಯಿ ಹೊಟ್ಟ್ಯಾಗ ನಾಕನೇ ವಾರದಾಗ್ರಿ,” ಎಂದುಬಿಟ್ಟೆ.

ಆ ಮಾತು ಏನು ಮಾಡಬಹುದೆಂದು ನನಗೆ ಹೊಳೆಯಲೇ ಇಲ್ಲ. ಅವರ ತಾಯಿ ಐರಣಿಯಲ್ಲಿದ್ದರು. ಎಪ್ಪತ್ತು ದಾಟಿದ, ಕಿರಿಯ ಮಗನ ಸಂಸಾರದ ಜೊತೆಗಿದ್ದ ಗಟ್ಟಿ ಮುದುಕಿ. ಪ್ರಾಂಶುಪಾಲರು ಆ ಭಾನುವಾರವೇ ಊರಿಗೆ ಹೋಗಿ, ತಮ್ಮ ಹೃದಯದ ಸಂಗತಿ ಹೇಳಿ, ‘ನಾನು ಹೊಟ್ಟೆಯಲ್ಲಿದ್ದ ನಾಲ್ಕನೇ ವಾರ ನೀನು ಏನು ಮಾಡುತ್ತಿದ್ದಿ’ ಎಂದು ಕೇಳಿದರು. ಐವತ್ತು ವರ್ಷದ ಹಿಂದಿನ ಒಂದು ವಾರ ಯಾರಿಗೆ ನೆನಪಿರುತ್ತದೆ? ಆದರೆ ಮುದುಕಿಗೆ ನೆನಪಿತ್ತು. ಆ ಸುಮಾರಿಗೆ ರೊಟ್ಟಿಯ ಹಂಚಿಗೆ ತಗುಲಿ ಬಲಗೈ ಸುಟ್ಟಿತ್ತಂತೆ. ಒಂದು ತಿಂಗಳು ಜೋಳವನ್ನು ಎಡಗೈಯಿಂದಲೇ ಬೀಸಿದ್ದರು. ಎಡಗೈಗೆ ರೂಢಿಯ ಸುತ್ತು ಬಾರದೆ ಕಲ್ಲನ್ನು ಉಲ್ಟಾ ತಿರುವಿದ್ದರು. ಅತ್ತೆ ಬೈದಿದ್ದಳು, ಅದಕ್ಕೇ ನೆನಪು.

ಸೋಮವಾರ ಪ್ರಾಂಶುಪಾಲರು ಕಂಗಾಲಾಗಿ ಬಂದರು. “ಮೇಡಂ, ಅವ್ವ ನಿನ್ನೆಯಿಂದ ರೊಟ್ಟಿ ಮುಟ್ಟವಲ್ಲಳು. ನನ್ನ ಕೈಯಿಂದನ ಮಗನ ಎದಿ ತಿರುಗಿತು ಅಂತ ಅಳಾಕತ್ತಾಳ. ಮ್ಯಾಲಿನ ಬೀಸುಕಲ್ಲು ಎತ್ತಿಸಿ ಅಂಗಳಕ್ಕ ಹಾಕಿಸ್ಯಾಳ. ನೀವ ಬಂದು ಹೇಳ್ರಿ.”

ಅಂದೇ ಮಧ್ಯಾಹ್ನ ಅವರ ಜೊತೆ ಐರಣಿಗೆ ಹೋದೆ. ಚಾಚಾ ಸಹ ಬಂದರು. ಮುದುಕಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ನಾನು ತಿಳಿಸಿ ಹೇಳಿದೆ. ಬೀಸುವುದಕ್ಕೂ ಹೊಟ್ಟೆಯೊಳಗಿನ ಕೂಸಿಗೂ ಸಂಬಂಧವಿಲ್ಲ, ಕೋಶಗಳು ತಮ್ಮಷ್ಟಕ್ಕೆ ತಾವು ದಾರಿ ಕಂಡುಕೊಳ್ಳುತ್ತವೆ, ಹೊರಗಿನ ಸುತ್ತು ಅವಕ್ಕೆ ತಟ್ಟುವುದಿಲ್ಲ.

ಅವರು ನನ್ನ ಮಾತನ್ನೆಲ್ಲ ಕೇಳಿ, ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದರು: “ನೀ ಕಣ್ಣಲೆ ಕಂಡೀಯೇನವಾ?”

“ಕೋಳಿ ತತ್ತ್ಯಾಗ ಕಂಡೇನಮ್ಮ. ಎಲ್ಲಾ ಬಲಕ್ಕ ಹೊರಳತಾವು.”

“ಆ ತತ್ತಿ ಯಾರರ ಉಲ್ಟಾ ಬೀಸಿದ್ರೇನು?”

“ಇಲ್ಲ.”

“ಮತ್ತ ಹೆಂಗ ಹೇಳತಿ? ಬೀಸಿ ನೋಡು. ಆಮ್ಯಾಲೆ ಹೇಳು.”

ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ನಾನು ಪ್ರಾಂಶುಪಾಲರ ಮುಖ ನೋಡಿದೆ, ಅವರು ಚಾಚಾನ ಮುಖ ನೋಡಿದರು. ಚಾಚಾ ಅಂಗಳದಲ್ಲಿ ಬಿದ್ದಿದ್ದ ಕಲ್ಲಿನ ಅಗಲವನ್ನು ಗೇಣಿನಿಂದ ಅಳೆಯುತ್ತಿದ್ದರು.

“ಬುಟ್ಟಿ ಕುಂದರತೈತ್ರಿ,” ಎಂದರು.

ಶುಕ್ರವಾರ ಮಧ್ಯಾಹ್ನ ಚಾಚಾ, ಚಾಚಿ ಮತ್ತು ಕೋಳಿ ಐರಣಿಯ ಬಸ್ಸು ಹತ್ತಿದರು. ಇದನ್ನು ಚಾಚಾ ನನಗೆ ಆಮೇಲೆ ಹೇಳಿದ್ದು. ಕಂಡಕ್ಟರು ಬುಟ್ಟಿ ನೋಡಿ, “ಕೋಳಿ ಎಲ್ಲಿಗೆ ಹೊಂಟೈತಿ?” ಎಂದನಂತೆ.

“ಐರಣಿಗೆ.”

“ಯಾಕ?”

“ಬೀಸಾಕ.”

ಕಂಡಕ್ಟರು ಮುಂದಿನ ಊರಿನವರೆಗೂ ಅವರ ಹತ್ತಿರ ಬರಲಿಲ್ಲ.

ತತ್ತಿ, ಕೋಳಿ ಮನೆಯೊಳಗೆ ಬೇಡವೆಂದು ಮುದುಕಿ ಕಟ್ಟಪ್ಪಣೆ ಮಾಡಿದ್ದರಿಂದ ಬೀಸುಕಲ್ಲನ್ನು ದನದ ಕೊಟ್ಟಿಗೆಯಲ್ಲಿ ಹೂಡಿದರು. ಮೇಲಿನ ಕಲ್ಲಿನ ಮೇಲೆ ಹುಲ್ಲಿನ ಬುಟ್ಟಿ, ಅದರಲ್ಲಿ ಹತ್ತು ತಾಜಾ ತತ್ತಿ, ಅವುಗಳ ಮೇಲೆ ಕೋಳಿ. ಪ್ರಾಂಶುಪಾಲರು ಕೆಳಗಿನ ಕಲ್ಲಿಗೆ ಸೀಮೆಸುಣ್ಣದಿಂದ ಉಲ್ಟಾ ದಿಕ್ಕಿನ ಬಾಣ ಬರೆದರು. ಗೋಡೆಗೆ ವೇಳಾಪಟ್ಟಿ ಅಂಟಿಸಿದರು. ಬೆಳಿಗ್ಗೆ ಐದರಿಂದ ಸಂಜೆ ಏಳರವರೆಗೆ ಗಂಟೆಗೆ ಇಪ್ಪತ್ತು ಸುತ್ತು, ನಡುವೆ ಕೋಳಿಗೆ ಕಾಳು-ನೀರಿನ ವಿರಾಮ. ಬೇರೆ ಯಾರೂ ಕೈ ಹಚ್ಚಬಾರದೆಂದು ಮುದುಕಿ ಹಟ ಹಿಡಿದರು. ಸುತ್ತಿದರೆ ತಾನೇ ಸುತ್ತಬೇಕು, ಅದೂ ಎಡಗೈಯಿಂದ. ಅವರು ದಣಿದಾಗ ಮಾತ್ರ ಚಾಚಿ ಕೈ ಕೂಡಿಸಬಹುದು.

ಭಾನುವಾರ ಬೆಳಿಗ್ಗೆ ನಾನು ಮಸೂರದ ಪೆಟ್ಟಿಗೆ ಹೊತ್ತುಕೊಂಡು ಊರು ಸೇರಿದಾಗ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಪೌರಾಣಿಕ ಧಾರಾವಾಹಿ ನೋಡಲು ಊರಿಗೆ ಊರೇ ಟಿ.ವಿ. ಇದ್ದ ಒಂದೇ ಮನೆಯಲ್ಲಿ ತುಂಬಿಕೊಂಡಿತ್ತು. ಕೊಟ್ಟಿಗೆಯಿಂದ ಬೀಸುವ ಪದ ಕೇಳುತ್ತಿತ್ತು. ಒಳಗೆ ಹೋದರೆ, ಮುದುಕಿ ಹಾಡುತ್ತ ಕಲ್ಲು ತಿರುವುತ್ತಿದ್ದಾರೆ, ಎದುರು ಕೂತ ಚಾಚಿ ಸೊಲ್ಲಿನ ಕೊನೆಗೆ ದನಿಗೂಡಿಸುತ್ತಿದ್ದಾರೆ, ಬುಟ್ಟಿಯಲ್ಲಿ ಕೆಂಪು ಕೋಳಿ ಅರೆಗಣ್ಣು ಮುಚ್ಚಿ ನಿಧಾನಕ್ಕೆ ಗರಗರ ಸುತ್ತುತ್ತಿದೆ. ಅದರ ಮುಖ ಒಮ್ಮೆ ನನ್ನ ಕಡೆ, ಒಮ್ಮೆ ಎತ್ತಿನ ಕಡೆ, ಒಮ್ಮೆ ಗೋಡೆಯ ವೇಳಾಪಟ್ಟಿಯ ಕಡೆ.

“ಮೊದಲನೇ ದಿನ ಮೂರು ಸಲ ಹಾರಿದ್ಲು,” ಎಂದರು ಚಾಚಿ. “ಈಗ ನಿಲ್ಲಿಸಿದ್ರ ಬೈತಾಳ ನೋಡ್ರಿ.” ಮುದುಕಿ ಕೈ ನಿಲ್ಲಿಸಿದರು. ಕೋಳಿ ಕಣ್ಣು ತೆರೆದು ಕೊಕ್ಕೊಕ್ ಎಂದು ಆಕ್ಷೇಪಿಸಿತು.

ಉಪ್ಪುನೀರು ಬೆಚ್ಚಗೆ ಮಾಡಿಸಿಕೊಂಡು, ಬೆಳಕು ಬೀಳುವ ಬಾಗಿಲ ಹತ್ತಿರ ಮಣೆ ಹಾಕಿ ಕೂತೆ. ನಮ್ಮ ಪುಸ್ತಕದ ಪ್ರಕಾರ ಎಲ್ಲವೂ ಸರಿಯಾಗಿಯೇ ಇರಬೇಕು. ಆದರೆ ಒಂದೇ ಒಂದು ಕೊಳವೆ, ಪ್ರಾಂಶುಪಾಲರದ್ದು ಹೊರಳಿದಂತೆ, ಆಕಸ್ಮಿಕವಾಗಿ ಎಡಕ್ಕೆ ಹೊರಳಿದ್ದರೂ ಈ ಮುದುಕಿಗೆ ನಾನು ಏನು ಹೇಳಲಿ? ಹಾಗೆ ಆಗುವುದೂ ಉಂಟು. ಸುಳ್ಳು ಹೇಳುತ್ತೇನೆಯೇ? ಹೇಳುತ್ತೇನೆ ಎಂದು ನನಗೇ ಅನ್ನಿಸಿತು, ಹೆದರಿಕೆಯಾಯಿತು.

ಮೊದಲನೆಯ ತತ್ತಿಯಲ್ಲಿ ಏನೂ ಇರಲಿಲ್ಲ. ಪ್ರಾಂಶುಪಾಲರು ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡರು. ಎರಡನೆಯದರಲ್ಲಿ ಜೀವವಿತ್ತು. ಗಾಜಿನ ತಟ್ಟೆಗೆ ಬಂದ ಮೇಲೂ ಅದು ಮಿಡಿಯುತ್ತಲೇ ಇತ್ತು. ಕೊಳವೆ ಬಲಕ್ಕೆ ಬಾಗಿತ್ತು. ನಾನು ಸರಿದು ಕೂತು ಮುದುಕಿಗೆ ಜಾಗ ಬಿಟ್ಟೆ. ಅವರು ದಪ್ಪ ಕನ್ನಡಕ ತೆಗೆದು ಮಗನ ಕೈಗೆ ಕೊಟ್ಟು, ಮಸೂರಕ್ಕೆ ಕಣ್ಣು ಹಚ್ಚಿದರು.

“ಅಂಬಲಿ ಕುದ್ದಂಗ ಕುದ್ಯಾಕತ್ತೈತಲ್ಲ,” ಎಂದರು. ಆಮೇಲೆ, “ಇದು ಯಾವ ಕಡಿ ಹೊರಳೈತಿ?”

“ಬಲಕ್ಕಮ್ಮ.”

“ಅದರ ಬಲಕ್ಕೋ, ನನ್ನ ಬಲಕ್ಕೋ?”

“ಅದು ತಲಿ ಆ ಕಡೆ ಮಾಡಿ ಬೋರಲ ಮಲಗೈತಿ. ಅದರ ಬಲಾನೂ ನಿಮ್ಮ ಬಲಾನೂ ಒಂದ.”

ಅವರು ನಂಬಲಿಲ್ಲ. ಎದ್ದು, ತಟ್ಟೆಯ ಪಕ್ಕ ಕೊಟ್ಟಿಗೆಯ ನೆಲದ ಮೇಲೆ ತಲೆ ಅತ್ತ ಮಾಡಿ ಬೋರಲು ಮಲಗಿ, ಬಲಗೈ ಚಾಚಿ ಖಚಿತ ಮಾಡಿಕೊಂಡರು. ಎಪ್ಪತ್ತು ದಾಟಿದ ತಾಯಿ ಸೆಗಣಿ ನೆಲದ ಮೇಲೆ ಹಾಗೆ ಮಲಗಿದ್ದನ್ನು ಪ್ರಾಂಶುಪಾಲರು ಕೈಯಲ್ಲಿ ಕನ್ನಡಕ ಹಿಡಿದು ನೋಡುತ್ತ ನಿಂತಿದ್ದರು. ಟಿ.ವಿ. ಮುಗಿಸಿ ಬಂದ ನೆರೆಯ ಹೆಂಗಸರಿಬ್ಬರು ಬಾಗಿಲಲ್ಲಿ ಇಣುಕಿದರು. “ಕಾಲೇಜಿನ ಕೆಲಸ,” ಎಂದು ಚಾಚಾ ಗಂಭೀರವಾಗಿ ಹೇಳಿ ಅವರನ್ನು ಕಳಿಸಿದರು.

ಮೂರನೆಯದು ಬಲಕ್ಕೆ. ನಾಲ್ಕನೆಯದು ಬಲಕ್ಕೆ. ಐದನೆಯದನ್ನು ತೋರಿಸುವಾಗ ಅದರ ಮಿಡಿತ ನಿಧಾನವಾಗುತ್ತ ನಿಂತುಹೋಯಿತು. ಮುದುಕಿ ತಲೆಯೆತ್ತಿದರು.

“ಇದು ಯಾಕ ಸುಮ್ಮನಾತು?”

“ತಣ್ಣಗಾತಮ್ಮ.”

“ಅಂದ್ರ ಇವೆಲ್ಲಾ ಸಾಯತಾವೇನು?”

“ಹೌದಮ್ಮ. ಒಡೆದ ಮ್ಯಾಲೆ ಉಳಿಯೂದಿಲ್ಲ.”

ಇದನ್ನು ನಾನು ಮೊದಲೇ ಹೇಳಬೇಕಿತ್ತು. ಹೇಳಿರಲಿಲ್ಲ. ಅವರು ಬುಟ್ಟಿಯಲ್ಲಿ ಉಳಿದ ಐದು ತತ್ತಿಗಳ ಮೇಲೆ ಅಂಗೈ ಇಟ್ಟರು. “ಸಾಕು. ನನಗ ತಿಳೀತು. ಇವು ಹೊರಗ ಬರ್ಲಿ.” ಕೋಳಿಯನ್ನು ಎತ್ತಿ ತಾವೇ ಮತ್ತೆ ಕೂರಿಸಿದರು. ಮನೆಯೊಳಗೆ ಬೇಡವೆಂದಿದ್ದ ಕೋಳಿಯನ್ನು ಎರಡು ದಿನದಿಂದ ಮುಟ್ಟುತ್ತಲೇ ಇದ್ದರೆಂದು ಚಾಚಿ ನನ್ನ ಕಿವಿಯಲ್ಲಿ ಹೇಳಿದರು.

ನಂತರ ಮುದುಕಿ ಮಗನ ಕಡೆ ತಿರುಗಿದರು. ಅಪ್ಪಿಕೊಳ್ಳುತ್ತಾರೆಂದು ನಾನು ನಿರೀಕ್ಷಿಸಿದ್ದೆ.

“ಹಂಗಾರ ನಾನು ತಿರುವಿದ್ದಕ್ಕ ಅಲ್ಲ. ನೀನ ತಿರುಗೀದಿ!” ಎಂದರು. “ಎಲ್ಲಾ ಕೂಸು ಬಲಕ್ಕ ಹೋದ್ರ ನೀ ಒಬ್ಬಾವ ಎಡಕ್ಕ ಹೋಗೀದಿ. ಹೊಟ್ಟ್ಯಾಗಿದ್ದಾಗಿಂದ ಹಟಮಾರಿ. ಒಂದು ವಾರ ನನ್ನ ಉಪಾಸ ಕೆಡವಿದಿ. ಐವತ್ತು ವರ್ಷದವ ಆದಿ, ಇನ್ನೂ ತಾಯಿ ಮ್ಯಾಲ ಹಾಕತೀಯೇನೋ ಮೂಳಾ?”

“ಇಲ್ಲವ್ವ. ನಂದ ತಪ್ಪು,” ಎಂದರು ಪ್ರಾಂಶುಪಾಲರು. ಇಡೀ ಕಾಲೇಜನ್ನು ನಡುಗಿಸುವ ಮನುಷ್ಯ ಕೊಟ್ಟಿಗೆಯಲ್ಲಿ ನಿಂತು ಬೈಸಿಕೊಂಡರು, ಅವರ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಅದು ಅವರ ತಪ್ಪೂ ಅಲ್ಲ, ಯಾರ ತಪ್ಪೂ ಅಲ್ಲ, ಯಾಕೆ ಹಾಗಾಗುತ್ತದೆಂದು ಯಾರಿಗೂ ಗೊತ್ತಿಲ್ಲ ಎಂದು ಹೇಳಲು ಬಾಯಿ ತೆರೆದೆ. ಚಾಚಿ ನನ್ನ ಸೆರಗು ಜಗ್ಗಿದರು.

ಅಂದು ಮಧ್ಯಾಹ್ನ ಮುದುಕಿ ನಮ್ಮ ಜೊತೆ ಕೂತು ಎರಡು ರೊಟ್ಟಿ ತಿಂದರು. ಎಡಗೈಯಲ್ಲಿ ಬೊಬ್ಬೆ ಎದ್ದಿತ್ತು, ಚಾಚಿ ಅದಕ್ಕೆ ಬೆಣ್ಣೆ ಹಚ್ಚಿದರು. ಉಳಿದ ಐದರಲ್ಲಿ ನಾಲ್ಕು ಮರಿಗಳಾದವು. ಚಾಚಿ ಕೋಳಿಯನ್ನು ಮರಳಿ ತರಲು ಹೋದಾಗ ಮುದುಕಿ ಕೊಡಲಿಲ್ಲವಂತೆ. ಆ ಮನೆಯಲ್ಲಿ ತತ್ತಿ ತಿನ್ನುವವರು ಯಾರೂ ಇಲ್ಲದ್ದರಿಂದ ಕೋಳಿಗಳ ಸಂಖ್ಯೆ ಬೆಳೆಯುತ್ತ ಹೋಗಿ, ಎರಡು ವರ್ಷದಲ್ಲಿ ಎತ್ತುಗಳನ್ನು ಬೇರೆ ಕಡೆ ಕಟ್ಟಬೇಕಾಯಿತು.

ಪ್ರಾಂಶುಪಾಲರು ಬದಲಾದರು ಎಂದು ಬರೆದರೆ ಓದುವವರಿಗೆ ಹಿತವಾದೀತು. ಅವರು ಬದಲಾಗಲಿಲ್ಲ. ಸುತ್ತೋಲೆಗಳು ವಾರಕ್ಕೆ ನಾಲ್ಕರಿಂದ ಐದಾದವು. ಅವುಗಳಲ್ಲಿ ಒಂದು ನನ್ನ ವಿಭಾಗಕ್ಕೆ ಸಂಬಂಧಿಸಿದ್ದು: ‘ಹೃದಯದ ಪಾಠ ಮುಗಿದ ದಿನ ಪ್ರಾಂಶುಪಾಲರು ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಲಭ್ಯರಿರುತ್ತಾರೆ.’ ಆ ದಿನ ಅವರು ಬಂದು, ಸ್ಟೂಲಿನ ಮೇಲೆ ಕೂತು, ಕೋಟಿನ ಎರಡು ಗುಂಡಿ ಬಿಚ್ಚಿ, ಹುಡುಗರು ಸಾಲಾಗಿ ಬಂದು ಸ್ಟೆತೊಸ್ಕೋಪ್ ಇಟ್ಟು ಕೇಳುವವರೆಗೆ ಚಾವಣಿ ನೋಡುತ್ತ ಕೂರುತ್ತಿದ್ದರು. ಎಡಗಡೆ ಹುಡುಕಿ ಗಾಬರಿಯಾದ ಹುಡುಗನೊಬ್ಬ ಮೊದಲ ವರ್ಷ ನೀರು ತರಲು ಓಡಿದ್ದ.

ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಹಾವೇರಿಯ ಕಾಲೇಜಿಗೆ ಬಂದ ಮೇಲೆ, ಧಾರವಾಡದ ಗ್ರಂಥಾಲಯದಲ್ಲಿ ಒಂದು ಪತ್ರಿಕೆ ಓದುತ್ತ ಕೂತಲ್ಲೇ ಬೆವೆತೆ. ಇಲಿಯ ಭ್ರೂಣ ತೀರ ಎಳೆಯದಿದ್ದಾಗ ಅದರ ನಡುವಿನ ಒಂದು ಗುಳಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ, ಅವೆಲ್ಲ ಒಂದೇ ದಿಕ್ಕಿಗೆ ಗರಗರ ಸುತ್ತಿ ಸುತ್ತಲಿನ ದ್ರವವನ್ನು ಎಡಕ್ಕೆ ತಳ್ಳುತ್ತವೆ, ಆ ಹರಿವಿನಿಂದಲೇ ಕೋಶಗಳಿಗೆ ಎಡ ಯಾವುದು, ಬಲ ಯಾವುದು ಎಂದು ತಿಳಿಯುತ್ತದೆ ಎಂದು ಅದರಲ್ಲಿತ್ತು. ಸುತ್ತು ನಿಂತರೆ ಹೃದಯ ಎತ್ತ ಬೇಕಾದರೂ ಹೊರಳೀತು.

ಹಲವು ದಿನ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ಕೊನೆಗೆ ತಡೆಯಲಾರದೆ ರಾಣೆಬೆನ್ನೂರಿಗೆ ಹೋದೆ. ಪ್ರಾಂಶುಪಾಲರು ನಿವೃತ್ತರಾಗಿ, ಅವರ ತಾಯಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರ ಹೆಂಡತಿ ಮಂಡಕ್ಕಿ ಒಗ್ಗರಣೆ ತಂದಿಟ್ಟರು. ನಾನು ಹೇಳಿದ್ದನ್ನು ಅವರು ತಟ್ಟೆ ಮುಟ್ಟದೆ ಕೇಳಿದರು.

“ಅಂದ್ರ ಒಳಗ ಏನೋ ಬೀಸೂದು ಖರೇ,” ಎಂದರು.

“ಖರೇ ಸರ್. ಆದ್ರ ಅದು ತಾಯಿ ಕೈಯಾಗ ಇಲ್ರಿ.”

“ಅವ್ವ ಇದ್ದಿದ್ರ ಈ ಮಾತು ಆಕಿಗೆ ಹೇಳತಿದ್ರೇನು?”

“ಇಲ್ಲ,” ಎಂದೆ.

“ಛಲೋ ಮಾಡತಿದ್ರಿ. ಆಕಿ ಮತ್ತೊಂದು ಕೋಳಿ ತರಿಸತಿದ್ಲು.” ಅವರು ನಗತೊಡಗಿದರು. ಕೆಮ್ಮು ಬರುವವರೆಗೂ ನಕ್ಕರು. ಅವರ ಹೆಂಡತಿ ಒಳಗಿನಿಂದ ನೀರು ತಂದು, ಬೆನ್ನು ಸವರುತ್ತ, ಏನಾಯಿತೆಂದು ನನ್ನ ಮುಖ ನೋಡಿದರು. ನನಗೂ ನಗುವಿನಲ್ಲಿ ಮಾತು ಹೊರಡಲಿಲ್ಲ. ಮಂಡಕ್ಕಿ ಆರುವ ಮೊದಲು ತಿನ್ನಿರೆಂದು ಅವರು ಇಬ್ಬರನ್ನೂ ಗದರಿಸಿದರು.